ಬೀಗರ ಎರಡು ಊಟ

ಸೊಪ್ಪಿನೂಟ ತಲೆಗೆ ಹದಿನೆಂಟು ಸಾವಿರ ವಾನ್. ಐದು ತಲೆಗೆ ತೊಂಬತ್ತು ಸಾವಿರ. ಜೊತೆಗೊಂದು ಸುಟ್ಟ ಬಂಗುಡೆ ಇರಲಿ ಎಂದದ್ದಕ್ಕೆ ಮೇಲೆ ಹದಿನೈದು ಸಾವಿರ. ಕಾಲಿಗೆ ಹೊಸ ಷೂ ನಲವತ್ತೆರಡು ಸಾವಿರ, ಅದೂ ಪಕ್ಕದಂಗಡಿಯವಳು ಪರಿಚಯದವಳೆಂದು. ಕೂದಲಿಗೆ ಗುಂಗುರು ಹಾಕಿಸಿದ್ದಕ್ಕೆ ಐವತ್ತು ಸಾವಿರ. ಶನಿವಾರದಂಥ ಶನಿವಾರ ಅಂಗಡಿ ಮುಚ್ಚಿದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಮನಸ್ಸಿಗೆ ಒಳ್ಳೆಯದು. ಇಷ್ಟನ್ನೂ ಮಲ್ಸುನ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕೂಡಿಸಿ, ದುಬಾರಿಯೇನಲ್ಲ ಎಂದು ತೀರ್ಮಾನಿಸಿದಳು. ಮಗಳ ಮರ್ಯಾದೆ ಇದಕ್ಕಿಂತ ಅಗ್ಗಕ್ಕೆ ಯಾವ ಊರಲ್ಲೂ ಸಿಗುವುದಿಲ್ಲ.

ಮಲ್ಸುನ್‌ಗೆ ಪೋಹಾಂಗ್ ಮೀನು ಮಾರುಕಟ್ಟೆಯ ಒಳಸಾಲಿನಲ್ಲಿ ಪಲ್ಯದ ಅಂಗಡಿ. ಉಪ್ಪು ಖಾರ ಹಾಕಿ ಹುದುಗಿಸಿದ ಕೋಸಿನ ಕಿಮ್ಚಿ, ಸೋಯಾ ರಸದಲ್ಲಿ ಬೆಂದ ಕಮಲದ ಬೇರು, ಹುರಿದ ಸಣ್ಣ ಮೀನು. ಮನೆಯಲ್ಲಿ ಅನ್ನವೊಂದನ್ನು ಮಾಡಿಕೊಂಡು ಉಳಿದದ್ದನ್ನೆಲ್ಲ ಅವಳಲ್ಲೇ ಕೊಳ್ಳುವ ಮನೆಗಳು ಬೀದಿ ತುಂಬ ಇದ್ದವು. ಗಂಡ ಚಿಲ್ಸೊಂಗ್ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವನು, ಈಗ ಬಿಡುವಾಗಿ ಮನೆಯಲ್ಲಿದ್ದ. ಒಬ್ಬಳೇ ಮಗಳು ಬೋರಮ್ ದೇಗು ಊರಿನ ಹುಡುಗ ಇನ್‌ಹೋನನ್ನು ಮೆಚ್ಚಿದ್ದಳು. ಹುಡುಗನಿಗೆ ತಂದೆ ಇಲ್ಲ. ತಾಯಿ ಜೊಂಗಿಮ್ ದೇಗು ಪೇಟೆಯಲ್ಲಿ ಪರದೆ ಬಟ್ಟೆಯ ವ್ಯಾಪಾರ ಮಾಡುತ್ತಾಳೆ.

ಮದುವೆ ಗೊತ್ತಾಗುವ ಮುಂಚೆ ಎರಡೂ ಕಡೆಯ ಹಿರಿಯರು ಒಮ್ಮೆ ಕೂತು ಉಣ್ಣಬೇಕು. ದೊಡ್ಡ ಹೋಟೆಲಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎದುರುಬದುರು ಕೂತು, ಕೆಮ್ಮಲೂ ಹೆದರಿ, ಹವಾಮಾನದ ಬಗ್ಗೆ ಮಾತಾಡಿ ಎದ್ದು ಬರುವುದು ವಾಡಿಕೆ. ಬೋರಮ್ ಅದು ಬೇಡವೆಂದಳು. "ಗ್ಯೊಂಗ್ಜು ನಮಗೂ ಹತ್ರ, ಅವರಿಗೂ ಹತ್ರ. ರಾಜರ ಗೋರಿ ನೋಡ್ಕೊಂಡು, ಸುಮ್ನೆ ಒಂದಿನ ಓಡಾಡೋಣ. ಖರ್ಚೆಲ್ಲ ನಂದೂ ಇನ್‌ಹೋದೂ. ಅಮ್ಮಾ, ನೀನು ಪರ್ಸ್ ತೆಗೀಬಾರ್ದು. ಕೇಳಿಸ್ತಾ?"

"ಕೇಳಿಸ್ತು" ಎಂದಿದ್ದಳು ಮಲ್ಸುನ್. ಅವತ್ತೇ ಸಂಜೆ ಗೋರಿಗಳ ಬೀದಿಯ ಸೊಪ್ಪಿನೂಟದ ಹೋಟೆಲಿಗೆ ಫೋನ್ ಮಾಡಿ, ಪೂರ್ತಿ ದುಡ್ಡು ಮುಂಗಡ ಹಾಕಿಬಿಟ್ಟಳು.

ಅದಕ್ಕೆ ಕಾರಣವಿತ್ತು. ಅವಳ ಮದುವೆಯ ಮಾತುಕತೆಯ ದಿನ ಹುಡುಗನ ಕಡೆಯವರೇ ಊಟ ಹಾಕಿಸಿದ್ದರು. ಅವಳಪ್ಪ ಬಡವ, ಆದರೆ ಹೊಟ್ಟೆ ಗಟ್ಟಿ. ಎಲುಬಿನ ಮಾಂಸ ರುಚಿಯಾಗಿದೆ ಎಂದು ಎರಡನೇ ಸಲ ಕೇಳಿ ಹಾಕಿಸಿಕೊಂಡ. ಅಷ್ಟೇ. ಅಲ್ಲಿಂದ ಅತ್ತೆ ಬದುಕಿರುವ ತನಕ, ಸಾರಿಗೆ ಉಪ್ಪು ಹೆಚ್ಚಾದರೆ, ಬಟ್ಟೆ ಒಣಗದಿದ್ದರೆ, ಹುಟ್ಟಿದ್ದು ಹೆಣ್ಣಾದರೆ, ಆ ಮಾತು ಬಂತು. "ನಿಮ್ಮಪ್ಪ ಅವತ್ತು ಎರಡು ಸಲ ಹಾಕಿಸ್ಕೊಂಡ್ರಲ್ಲ, ಅಂಥ ಮನೆಯಿಂದ ಬಂದೋಳು ನೀನು." ಮಲ್ಸುನ್ ಬಾಯಿ ಮುಚ್ಚಿಕೊಂಡು ಕೇಳಿದಳು. ತಿಂದದ್ದು ನಿಜ, ದುಡ್ಡು ಅವರದು ನಿಜ. ಏನೆಂದು ಉತ್ತರ ಕೊಡುವುದು? ಚಿಲ್ಸೊಂಗ್‌ಗೆ ಮಾತ್ರ ಆ ಮಾತು ಒಂದು ದಿನವೂ ಕೇಳಿಸಿರಲಿಲ್ಲ. ಇಂಜಿನ್ ರಿಪೇರಿಯವನ ಕಿವಿ.

ಹಾಗಾಗಿ ಅವಳ ಲೆಕ್ಕ ಸ್ಪಷ್ಟವಿತ್ತು. ಮದುವೆಯಾಗುವ ತನಕ ಹುಡುಗನ ಕಡೆಯ ದುಡ್ಡಿನಲ್ಲಿ ಒಂದು ತುತ್ತೂ ತಮ್ಮವರ ಗಂಟಲಲ್ಲಿ ಇಳಿಯಬಾರದು. ತಿಂದವರ ಮನೆ ಮಗಳು ಎಂದು ಬೋರಮ್‌ಗೆ ಯಾರೂ ಅನ್ನಬಾರದು.

"ರೀ" ಎಂದು ಮುಂದಕ್ಕೆ ಬಾಗಿ ಗಂಡನ ಭುಜಕ್ಕೆ ಬೆರಳಿನಿಂದ ಚುಚ್ಚಿದಳು. "ಅಲ್ಲಿ ಬಾಯಿ ತೆಗೀಬೇಡಿ."

"ಉಣ್ಣೋದಕ್ಕೂ ತೆಗೀಬಾರ್ದಾ?" ಎಂದ ಚಿಲ್ಸೊಂಗ್, ಸ್ಟಿಯರಿಂಗ್ ತಿರುಗಿಸುತ್ತ.

ಮುಂದೆ ಕೂತ ಬೋರಮ್ ಕಿಸಕ್ಕೆಂದಳು.

ಗೋರಿಗಳ ಹೊರಗೆ ಕಾರು ನಿಲ್ಲಿಸುವಾಗ ಜೊಂಗಿಮ್ ಮಗನೊಂದಿಗೆ ಆಗಲೇ ಬಂದು ನಿಂತಿದ್ದಳು. ನೆಟ್ಟಗಿನ ಹೆಂಗಸು. ಕಪ್ಪು ಕೂದಲು, ಬೂದು ಬಣ್ಣದ ಕೋಟು, ಕತ್ತಿಗೆ ತೆಳು ರೇಷ್ಮೆ ವಸ್ತ್ರ. ಬಟ್ಟೆ ವ್ಯಾಪಾರದವಳ ಮೈಮೇಲೆ ಬಟ್ಟೆ ಹೇಗೆ ಕೂರಬೇಕೋ ಹಾಗೆ ಕೂತಿತ್ತು. ಮಲ್ಸುನ್ ತನ್ನ ಹೊಸ ಷೂ ನೋಡಿಕೊಂಡಳು. ಬಗ್ಗಿ ನಮಸ್ಕರಿಸಿದರು. ಜೊಂಗಿಮ್ ಇನ್ನಷ್ಟು ಬಗ್ಗಿದಳು. ಅವಳಷ್ಟು ಬಗ್ಗಿದ ಮೇಲೆ ತಾನು ಕಡಿಮೆಯಾಗಬಾರದೆಂದು ಮಲ್ಸುನ್ ಮತ್ತೆ ಬಗ್ಗಿದಳು. ಹಾಗೇ ಇಬ್ಬರೂ ನೆಲ ಮುಟ್ಟುತ್ತಿದ್ದರೇನೋ. ಇನ್‌ಹೋ "ಅತ್ತೆ, ಅಮ್ಮ, ಗೇಟು ಈ ಕಡೆ" ಎಂದದ್ದರಿಂದ ನಿಂತಿತು.

ಮೇ ತಿಂಗಳ ಬಿಸಿಲು. ಹಸಿರು ಹೊದ್ದ ಗೋರಿಗಳು ಒಂದರ ಬೆನ್ನಿಗೊಂದು ಗುಡ್ಡಗಳ ಹಾಗೆ ಮಲಗಿದ್ದವು. ಶಾಲೆ ಮಕ್ಕಳು ಸಾಲಾಗಿ ಹಳದಿ ಟೋಪಿ ಹಾಕಿಕೊಂಡು ಹೋಗುತ್ತಿದ್ದರು. ಒಂದು ಗೋರಿಯ ಒಳಗೆ ಹೋಗಿ ನೋಡಬಹುದು. ಅದಕ್ಕೆ ಟಿಕೆಟು.

ಕಿಟಕಿಯ ಮುಂದೆ ಎರಡು ಕೈ ಒಟ್ಟಿಗೇ ಒಳಹೋದವು.

"ನಾನ್ ಕೊಡ್ತೀನಿ."

"ಅಯ್ಯೋ ಬಿಡಿ ಬೀಗ್ರೇ, ಅದೇನು ಮಹಾ ದುಡ್ಡಾ!"

"ಮಹಾ ಅಲ್ಲ ಅಂದ್ಮೇಲೆ ನಾನೇ ಕೊಟ್ರೆ ಏನ್ ಕಳ್ಕೋತೀನಿ?"

"ಹೆಣ್ಣಿನ ಕಡೆಯೋರ ಕೈಲಿ ಕೊಡ್ಸಿದ್ರು ಅಂತ ನಾಳೆ ದೇಗುವಲ್ಲಿ ನನಗೆ ಮುಖ ಇರುತ್ತಾ?"

"ಗಂಡಿನ ಕಡೆಯೋರ ಮೇಲೆ ಬಿದ್ರು ಅಂತ ಪೋಹಾಂಗಲ್ಲಿ ನನಗೆ ಇರುತ್ತಾ?"

ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದಿದ್ದರು. ನೋಡುವವರಿಗೆ ಆತ್ಮೀಯತೆ, ಹಿಡಿದವರಿಗೆ ಕುಸ್ತಿ. ಒಳಗಿದ್ದ ಹುಡುಗಿ ಇಂಥದ್ದನ್ನು ದಿನಾ ನೋಡುವವಳು. "ಅರವತ್ತೈದು ದಾಟಿದೋರಿಗೆ ಟಿಕೆಟ್ ಬೇಡ. ಯಾರಾದ್ರೂ ಇದೀರಾ?" ಎಂದು ಕೇಳಿದಳು.

ಜೊಂಗಿಮ್ ಮನಸ್ಸಿನಲ್ಲೇ ಏನನ್ನೋ ತೂಗಿ ನೋಡಿದಳು. ಆಮೇಲೆ ಅವಳು ಗುರುತಿನ ಚೀಟಿ ತೆಗೆದು ಕಿಟಕಿಯ ಮುಂದೆ ಇಟ್ಟಳು.

"ಅರವತ್ತಾರು. ನಾನೇ ದೊಡ್ಡೋಳು. ದೊಡ್ಡೋರು ಮುಂದಿರುವಾಗ ಚಿಕ್ಕೋರು ಪರ್ಸ್ ತೆಗೆಯೋದು ಯಾವೂರ ಪದ್ಧತಿ, ಬೀಗ್ರೇ?"

ಮಲ್ಸುನ್ ಬೆರಗಾದಳು. ಐವತ್ತೆಂಟು ಅಂದುಕೊಂಡಿದ್ದಳು. ನಾಲ್ಕು ಟಿಕೆಟಿನ ದುಡ್ಡು ಕೊಡುವುದಕ್ಕಾಗಿ ಒಬ್ಬ ಹೆಂಗಸು ತನ್ನ ವಯಸ್ಸನ್ನೇ ಕಿಟಕಿಯಲ್ಲಿ ಇಟ್ಟಳೆಂದರೆ, ಇವಳು ಸಾಮಾನ್ಯದವಳಲ್ಲ.

"ಬೀಗರಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ. ತಕ್ಕಡಿ ಎರಡೂ ಕಡೆ ಸಮ" ಎಂದಳು.

"ಟಿಕೆಟ್ ಆಯ್ತು" ಎಂದು ಇನ್‌ಹೋ ಹಿಂದಿನಿಂದ ಫೋನು ತೋರಿಸಿದ. ಇವರ ಜಗಳದ ನಡುವೆ ಪಕ್ಕದ ಯಂತ್ರದಲ್ಲಿ ತೆಗೆದುಕೊಂಡುಬಿಟ್ಟಿದ್ದ. "ಇಬ್ರೂ ಕೈ ಬಿಡಿ."

ಗೋರಿಯ ಒಳಗೆ ತಂಪು, ಕತ್ತಲು. ಗಾಜಿನ ಹಿಂದೆ ಚಿನ್ನದ ಕಿರೀಟ, ಚಿನ್ನದ ಸೊಂಟಪಟ್ಟಿ. ಚಿಲ್ಸೊಂಗ್ ಬಹಳ ಹೊತ್ತು ನೋಡಿದ.

"ರಾಜ ಇಷ್ಟೊಂದು ಚಿನ್ನ ಯಾಕೆ ಹೊತ್ಕೊಂಡ್ಹೋದನೋ ಗೊತ್ತಾಯ್ತು."

"ಯಾಕಪ್ಪಾ?" ಎಂದಳು ಬೋರಮ್.

"ಅಲ್ಲಿ ಬೀಗರು ಸಿಕ್ಕಿದ್ರೆ ಬಿಲ್ ಕಟ್ಟೋಕೆ."

ಇನ್‌ಹೋ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಜೊಂಗಿಮ್ ಕೂಡ ಬಾಯಿಗೆ ರೇಷ್ಮೆ ವಸ್ತ್ರ ಒತ್ತಿಕೊಂಡಳು. ಮಲ್ಸುನ್ ಮಾತ್ರ ನಗಲಿಲ್ಲ. ಹನ್ನೆರಡಾಗುತ್ತಿತ್ತು.

ಹೊರಗೆ ಬಂದ ಮೇಲೆ, ಏನೂ ಗೊತ್ತಿಲ್ಲದವಳ ಹಾಗೆ, "ಹಸಿವಾಗ್ತಿದೆ, ಅಲ್ವಾ? ಎಲ್ಲಾದ್ರೂ ಸುಮ್ನೆ ಕೂತು ಒಂದಿಷ್ಟು ತಿನ್ನೋಣ. ಈ ಬೀದೀಲೇ ಯಾವುದಾದ್ರೂ ಇರತ್ತೆ" ಎಂದು ಮುಂದೆ ಮುಂದೆ ನಡೆದಳು. ಜೊಂಗಿಮ್ ಗಡಿಯಾರ ನೋಡಿ, "ಇನ್ನೂ ಹೊತ್ತಿದೆ ಬೀಗ್ರೇ, ಕಲ್ಲಿನ ವೀಕ್ಷಣಾಲಯ ನೋಡ್ಕೊಂಡು..." ಎಂದಳು. ಮಲ್ಸುನ್ ಕೇಳಿಸಿಕೊಳ್ಳಲಿಲ್ಲ. ಸೊಪ್ಪಿನೂಟದ ಹೋಟೆಲಿನ ಬಾಗಿಲು ಸರಿಸಿದ ಕೂಡಲೇ ಒಡತಿ ಒಳಗಿನಿಂದ ಕೂಗಿದಳು.

"ಪೋಹಾಂಗ್‌ನವರು ಐದು ಜನ ತಾನೇ? ಬನ್ನಿ ಬನ್ನಿ! ದುಡ್ಡೆಲ್ಲ ಬಂದಾಗಿದೆ, ಬಂಗುಡೆ ಸುಡ್ತಾ ಇದೆ!"

ಬೋರಮ್ ನಿಂತಲ್ಲೇ ಕಣ್ಣು ಮುಚ್ಚಿದಳು. "ಅಮ್ಮಾ."

"ಪರ್ಸ್ ತೆಗೀಬೇಡ ಅಂದೆ. ತೆಗೆದಿಲ್ಲ. ಬ್ಯಾಂಕಿಂದ ಹೋಯ್ತು" ಎಂದಳು ಮಲ್ಸುನ್.

ಆದರೆ ಜೊಂಗಿಮ್ ಹೊಸ್ತಿಲ ಹೊರಗೇ ನಿಂತಿದ್ದಳು. ಮುಖ ಪೆಚ್ಚಾಗಿತ್ತು. ಸಿಕ್ಕಿಬಿದ್ದ ಕಳ್ಳಿಯ ಧ್ವನಿಯಲ್ಲಿ ಹೇಳಿದಳು. "ನಾನು ಒಂದೂವರೆಗೆ ಹೇಳಿದೀನಿ. ಹೊಳೆ ಪಕ್ಕದ ಹೆಂಚಿನ ಮನೆಗಳ ಕೇರೀಲಿ. ಪೂರ್ತಿ ಊಟ. ನಾನೂ ದುಡ್ಡು ಹಾಕ್ಬಿಟ್ಟಿದೀನಿ."

"ಅಮ್ಮಾ!" ಎಂದ ಇನ್‌ಹೋ.

"ಎಷ್ಟು ತಲೆಗೆ?" ಎಂಬುದು ಮಲ್ಸುನ್‌ಳ ಬಾಯಿಂದ ತಾನಾಗೇ ಬಂದುಬಿಟ್ಟಿತು. ವ್ಯಾಪಾರದ ಬಾಯಿ.

"ಅದೆಲ್ಲ ಯಾಕೆ ಬೀಗ್ರೇ."

ಯಾಕೆಂದು ಹೇಳದಿದ್ದರೂ ಗೊತ್ತಾಯಿತು. ಹೊಳೆ ಪಕ್ಕದ ಕೇರಿಯ ಪೂರ್ತಿ ಊಟ ತಲೆಗೆ ನಲವತ್ತು ಸಾವಿರಕ್ಕೆ ಕಡಿಮೆ ಇರುವುದಿಲ್ಲ. ಮಲ್ಸುನ್‌ಳ ಎದೆ ಬಂಗುಡೆಯ ಹಾಗೆ ಸುಡತೊಡಗಿತು. ಹಾಗಾದರೆ ಒಂದನ್ನು ಬಿಡಿ ಎಂದರು ಮಕ್ಕಳು. ಯಾವುದನ್ನು? ಸೊಪ್ಪು ತೊಳೆದಾಗಿದೆ, ಮೀನು ಬೆಂದಾಗಿದೆ. ಅಲ್ಲಿ ಐದು ಜನರ ಅಡುಗೆ ಬೆಳಿಗ್ಗೆಯಿಂದ ನಡೆದಿದೆ, ದುಡ್ಡು ವಾಪಸ್ಸಿಲ್ಲ. ಇಬ್ಬರು ಅಮ್ಮಂದಿರೂ ಬಾಗಿಲಲ್ಲಿ ಕಂಬದ ಹಾಗೆ ನಿಂತರು.

ನ್ಯಾಯ ತೀರ್ಮಾನ ಮಾಡಿದವನು ಚಿಲ್ಸೊಂಗ್. "ರಾಜರ ಊರಿಗೆ ಬಂದಿದೀವಿ. ರಾಜರು ದಿನಕ್ಕೆ ಒಂದೇ ಮಧ್ಯಾಹ್ನ ಉಣ್ತಿದ್ರು ಅಂತ ಎಲ್ಲಾದ್ರೂ ಬರೆದಿದೆಯಾ? ಇಲ್ಲಿ ಅರ್ಧ ಹೊಟ್ಟೆ, ಅಲ್ಲಿ ಅರ್ಧ ಹೊಟ್ಟೆ. ಷೂ ಬಿಚ್ಚಿ."

ಕೂತ ಮೇಲೆ ಮಲ್ಸುನ್‌ಗೆ ತನ್ನ ತಪ್ಪು ಹೊಳೆಯಿತು. ಸೊಪ್ಪಿನೂಟವೆಂದರೆ ದೊಡ್ಡ ಎಲೆ ಹರವಿ, ಅದರೊಳಗೆ ಅನ್ನ, ಹಂದಿಮಾಂಸ, ಹುದುಗಿಸಿದ ಸೋಯಾ ಗೊಜ್ಜು ಇಟ್ಟು, ಮುಷ್ಟಿ ಗಾತ್ರ ಸುತ್ತಿ, ಇಡಿಯಾಗಿ ಬಾಯಿಗೆ ತುರುಕುವುದು. ಗಂಟಲು ಕಾಣುವಷ್ಟು ಬಾಯಿ ತೆರೆಯದೆ ಆಗುವ ಕೆಲಸವಲ್ಲ. ಬೀಗರ ಮುಂದೆ ಮೊದಲ ದಿನ ಯಾರೂ ಈ ಊಟ ಇಡುವುದಿಲ್ಲ. ರುಚಿ, ಬೆಲೆ, ದಾರಿ ಎಲ್ಲ ನೋಡಿದ್ದ ಅವಳು ಬಾಯಿಯ ಗಾತ್ರವೊಂದನ್ನು ಮರೆತಿದ್ದಳು.

ಚಿಲ್ಸೊಂಗ್ ಆಗಲೇ ಕಣ್ಣು ಗುಡ್ಡೆ ಹೊರಬರುವ ಹಾಗೆ ಒಂದು ಉಂಡೆ ತುರುಕಿದ್ದ. ಜೊಂಗಿಮ್ ಎಳೆಯ ಎಲೆಯೊಂದನ್ನು ಆರಿಸಿ, ಅಂಚೆ ಚೀಟಿಯಷ್ಟು ಮಡಿಸಿ, ತುಟಿ ಅಲುಗದ ಹಾಗೆ ಒಳಗೆ ಕಳಿಸಿದಳು. ಮಲ್ಸುನ್ ಹಾಗೇ ಮಾಡಹೋದಳು. ಗೊಜ್ಜು ತನ್ನ ಕೋಟಿನ ಮೇಲೆ ಬಿತ್ತು.

"ಕಿಮ್ಚಿ ಚೆನ್ನಾಗಿದೆ" ಎಂದ ಇನ್‌ಹೋ, ಮಾತು ಬೆಳೆಸಲು. "ನಮ್ಮಮ್ಮ ಹಾಕೋ ಥರಾನೇ. ಅತ್ತೆ, ನಮ್ಮಮ್ಮನ ಕಿಮ್ಚಿ ನೀವು ಒಂದ್ಸಲ ತಿನ್ಬೇಕು. ಅಂಥದ್ದು ಎಲ್ಲೂ ಸಿಗಲ್ಲ."

ಬೋರಮ್ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಕಿಮ್ಚಿ ಮಾರಿ ಮಗಳನ್ನು ಓದಿಸಿದವಳ ಮುಂದೆ ಆಡುವ ಮಾತಾ ಅದು! ಜೊಂಗಿಮ್ ಸಾರಿನ ಬಟ್ಟಲಿಗೆ ಮುಖ ಬಗ್ಗಿಸಿದಳು. ಮಲ್ಸುನ್ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕಾರ್ಖಾನೆಯ ಮಾಲು. ಸಕ್ಕರೆ ಮುಂದೆ, ಖಾರ ಹಿಂದೆ. "ಹೌದಾ" ಎಂದಳು, ನಕ್ಕಳು. ಮನಸ್ಸಿನಲ್ಲಿ ಬೀಗಿತ್ತಿಗೆ ಒಂದು ಅಂಕ ಕಳೆದಳು.

ಅರ್ಧ ಹೊಟ್ಟೆ ಎಂದದ್ದು ಮಾತಿಗೆ. ದುಡ್ಡು ಕೊಟ್ಟ ಊಟ ಉಳಿಸುವುದು ಮಲ್ಸುನ್‌ಳಿಗೆ ಬಾರದು, ಬೀಗಿತ್ತಿ ಹಾಕಿಸಿದ ಊಟ ಉಳಿಸುವುದು ಜೊಂಗಿಮ್‌ಳಿಗೆ ಸಲ್ಲದು. ತಟ್ಟೆಗಳು ಕನ್ನಡಿಯಾದವು. ಆಮೇಲೆ ಕಲ್ಲಿನ ವೀಕ್ಷಣಾಲಯದ ಸುತ್ತ ಐವರೂ ಬಾತುಕೋಳಿಗಳ ಹಾಗೆ ನಡೆದರು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ನಕ್ಷತ್ರ ನೋಡಲು ಕಟ್ಟಿದ್ದಂತೆ. ಹೂಜಿಯಂತೆ ಕೆಳಗೆ ಉಬ್ಬಿದ ಗೋಪುರ.

"ಇವನೂ ಈಗಷ್ಟೇ ಉಂಡು ನಿಂತ ಹಾಗಿದೆ" ಎಂದ ಚಿಲ್ಸೊಂಗ್.

ಒಂದೂವರೆಗೆ ಹೊಳೆ ಪಕ್ಕದ ಹೆಂಚಿನ ಮನೆ. ಮರದ ನೆಲ ಕನ್ನಡಿಯ ಹಾಗೆ ಒರೆಸಿತ್ತು. ಮೊದಲು ಗಂಜಿ ಬಂತು, ಆಮೇಲೆ ತಣ್ಣನೆಯ ಪದಾರ್ಥ, ಆಮೇಲೆ ಹುರಿದದ್ದು, ಹಬೆಯಲ್ಲಿ ಬೆಂದದ್ದು, ಬಟ್ಟಲಿನ ಮೇಲೆ ಬಟ್ಟಲು. ಪ್ರತಿ ಬಟ್ಟಲು ಬಂದಾಗಲೂ ಮಲ್ಸುನ್ ಬೆಲೆ ಕಟ್ಟಿದಳು. ಪ್ರತಿ ಬೆಲೆಗೂ ಅವಳ ಬೆನ್ನು ಒಂದಿಷ್ಟು ಬಗ್ಗಿತು. ಆದರೂ ಲೆಕ್ಕ ಇನ್ನೂ ಕೈಮೀರಿರಲಿಲ್ಲ. ಅವರು ನಮ್ಮದು ಉಂಡರು, ನಾವು ಅವರದು ಉಂಡೆವು. ಅವರದು ದುಬಾರಿ, ನಮ್ಮದು ಮೊದಲು. ಹೇಗೋ ಸರಿಹೋಗುತ್ತದೆ. ಯಾರೂ ಏನೂ ಮಿತಿಮೀರಿ ಮಾಡದಿದ್ದರೆ ಸಾಕು.

ಕೊನೆಗೆ ಹಿತ್ತಾಳೆಯ ಪಾತ್ರೆಯಲ್ಲಿ ಎಲುಬಿನ ಮಾಂಸ ಬಂತು. ಮೆತ್ತಗೆ ಬೆಂದು, ಒಣ ಬೋರೆಹಣ್ಣು, ಚೆಸ್ಟ್‌ನಟ್ ಹಾಕಿ, ಹೊಳೆಯುವ ಕಂದು ರಸದಲ್ಲಿ. ಎಲ್ಲರಿಗೂ ಎರಡೆರಡು ತುಂಡು. ಚಿಲ್ಸೊಂಗ್ ತನ್ನ ಎರಡನ್ನೂ ಮುಗಿಸಿ, ಎಲುಬನ್ನು ಚೀಪಿ, ಒಳಗೆ ಬಂದ ಬಡಿಸುವವಳ ಕಡೆ ತಿರುಗಿದ.

"ತಾಯೀ, ಇದನ್ನ ಇನ್ನೊಂದ್ಸಲ ಹಾಕೋಕಾಗತ್ತಾ?"

"ಹಾಕಬಹುದು, ಬೇರೆ ಬಿಲ್ ಆಗತ್ತೆ" ಎಂದಳು ಅವಳು.

"ಹಾಕಿ, ಹಾಕಿ!" ಎಂದು ಜೊಂಗಿಮ್ ಮುಖ ಅರಳಿಸಿದಳು. "ನನ್ನ ಲೆಕ್ಕಕ್ಕೇ ಬರ್ಕೊಳ್ಳಿ."

"ಬೇಡ!"

ಮೀನು ಹರಾಜಿನ ಗದ್ದಲದಲ್ಲೂ ಕೇಳುವಂಥ ದನಿ ಅದು. ಪಕ್ಕದ ಕೋಣೆಯಲ್ಲಿ ಚಮಚದ ಸದ್ದೂ ನಿಂತಿತು. ಮಲ್ಸುನ್ ಗಂಡನ ಬಟ್ಟಲನ್ನು ಕಿತ್ತು ತನ್ನ ಕಡೆ ಇಟ್ಟುಕೊಂಡಿದ್ದಳು.

ಜೊಂಗಿಮ್‌ಳ ಮುಖದ ನಗು ಇಳಿಯಿತು. "ಯಾಕೆ ಬೀಗ್ರೇ?" ಎಂದು ಮೆಲ್ಲಗೆ ಕೇಳಿದಳು. "ನಿಮ್ಮ ಊಟ ನಾನು ಒಂದು ಎಲೆ ಬಿಡದೆ ಉಂಡೆ. ನನ್ನ ಊಟದಲ್ಲಿ ಏನು ಮಣ್ಣು ಬಿದ್ದಿದೆ? ಗಂಡ ಇಲ್ಲದ ಮನೆ ಊಟ ಅಂತ ಇಳಿಯಲ್ವಾ? ಹಾಗಿದ್ರೆ ಈಗ್ಲೇ ಹೇಳ್ಬಿಡಿ. ನನ್ನ ಮಗನಿಗೆ ಅಂಥ ಸಂಬಂಧ ಬೇಡ."

"ಅಮ್ಮಾ, ಏನ್ ಮಾತಾಡ್ತಿದೀಯ" ಎಂದ ಇನ್‌ಹೋ. ಬೋರಮ್‌ಳ ಮುಖ ಬಿಳಿಚಿಕೊಂಡಿತ್ತು. ಅವಳು ಅಮ್ಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಮಗಳನ್ನು ಚುಚ್ಚುಮಾತಿನಿಂದ ಕಾಯಲು ಹೋಗಿ ಮದುವೆಯನ್ನೇ ಮುರಿಯುತ್ತಿದ್ದೇನೆ ಎಂದು ಮಲ್ಸುನ್‌ಗೆ ಅರ್ಥವಾಯಿತು.

ಎದ್ದು ಹೊರಗೆ ಬಂದಳು. ಗಲ್ಲಾದ ಬಳಿ ಹೋಗಿ, ಮಾಂಸದ ದುಡ್ಡು ನಾನು ಕೊಡುತ್ತೇನೆ ಎಂದಳು. ಗಲ್ಲಾದವನು, ದೇಗುವಿನ ಅಮ್ಮ ಮಿಕ್ಕಿದ್ದು ಏನಾದರೂ ಆದರೆ ಅಂತ ಹೆಚ್ಚುವರಿ ದುಡ್ಡೂ ಇಟ್ಟಿದ್ದಾರೆ, ಬೇರೆಯವರಿಂದ ತೆಗೆದುಕೊಂಡರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದಿದ್ದಾರೆ ಎಂದ. ಮಲ್ಸುನ್ ಸೋತು, ಜಗಲಿಯ ಅಂಚಿನಲ್ಲಿ, ಸಾಲಾಗಿ ಬಿಟ್ಟ ಷೂಗಳ ಪಕ್ಕ ಕೂತಳು.

ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸದ್ದು. ಜೊಂಗಿಮ್.

"ನಿಮ್ಮ ಮೇಲೆ ಅಲ್ಲ" ಎಂದಳು ಮಲ್ಸುನ್, ತಿರುಗಿ ನೋಡದೆ. ಆಮೇಲೆ ಹೇಳಿದಳು. ಅಪ್ಪನ ಎರಡನೇ ಬಟ್ಟಲು, ಅತ್ತೆಯ ಬಾಯಿ, ಉಪ್ಪಿಗೂ ಬಟ್ಟೆಗೂ ಬಾಣಂತಿತನಕ್ಕೂ ಬಂದ ಆ ಮಾತು. ಗಂಡನಿಗೂ ಹೇಳಿರದಿದ್ದನ್ನು, ಬೆಳಿಗ್ಗೆ ಕಂಡ ಹೆಂಗಸಿಗೆ, ಷೂಗಳನ್ನು ನೋಡುತ್ತ ಹೇಳಿದಳು. "ನಮ್ಮ ಯಜಮಾನ್ರು ಮತ್ತೆ ಕೇಳಿದಾಗ ನಮ್ಮಪ್ಪನೇ ಕೇಳಿದ ಹಾಗಾಯ್ತು. ಮುಂದೆ ನನ್ನ ಮಗಳು ನಿಮ್ಮ ಅಡುಗೆಮನೇಲಿ ನಿಂತು ಇದೇ ಮಾತು ಕೇಳೋದು ಕಣ್ಣಿಗೆ ಬಂತು."

ಜೊಂಗಿಮ್ ಪಕ್ಕದಲ್ಲಿ ಕೂತಳು. ಕೋಟು ಸುಕ್ಕಾಗುವುದನ್ನೂ ನೋಡಲಿಲ್ಲ.

"ನಾನು ಅಂಥೋಳಲ್ಲ ಅಂದ್ರೆ ನಂಬ್ತೀರಾ?"

"ಇಲ್ಲ."

"ನಾನೂ ನಂಬ್ತಿರ್ಲಿಲ್ಲ. ಬಣ್ಣ ಹೋಗಲ್ಲ ಅಂತ ಬಾಯಲ್ಲಿ ಹೇಳಿದ್ರೆ ಯಾವ ಗಿರಾಕಿ ಬಟ್ಟೆ ತಗೋತಾನೆ? ಒಂದು ತುಂಡು ಕತ್ತರಿಸಿ ಕೈಗೆ ಕೊಡ್ಬೇಕು, ಮನೇಲಿ ಒಗೆದು ನೋಡು ಅಂತ." ಅವಳು ಹಿಂದೆ ತಿರುಗಿ ಬಾಗಿಲು ಮುಚ್ಚಿದೆಯೇ ನೋಡಿದಳು. "ನಿಮಗೂ ಒಂದು ತುಂಡು ಕೊಡ್ತೀನಿ. ನನಗೆ ಕಿಮ್ಚಿ ಹಾಕೋಕೆ ಬರಲ್ಲ."

"ಅಂದ್ರೆ?"

"ಅಂದ್ರೆ ಬರಲ್ಲ. ಇನ್‌ಹೋಗೆ ಆರು ವರ್ಷ ಇದ್ದಾಗ ಅವರಪ್ಪ ಹೋದ್ರು. ಬೆಳಗಾದ್ರೆ ಅಂಗಡಿ, ಮನೆಗೆ ಬಂದ್ರೆ ಹೊಲಿಗೆ. ಕೋಸು ಉಪ್ಪಲ್ಲಿ ನೆನೆಹಾಕೋಕೆ ಕೈ ಎಲ್ಲಿತ್ತು? ಕೊಂಡು ತಂದು ಮನೆ ಭರಣಿಗೆ ಸುರಿದೆ. ಅವನು ತಿಂದು, 'ಅಮ್ಮ ಹಾಕಿದ್ದು, ಎಷ್ಟು ಚೆನ್ನಾಗಿದೆ' ಅಂತ ಶಾಲೇಲೆಲ್ಲ ಹೇಳ್ಕೊಂಡು ಬಂದ. ಅಪ್ಪ ಇಲ್ಲದ ಹುಡುಗ, ಹೆಮ್ಮೆ ಪಡೋಕೆ ಅಷ್ಟಾದ್ರೂ ಇರ್ಲಿ ಅನ್ಕೊಂಡೆ. ಈಗ ಮೂವತ್ಮೂರು ಅವನಿಗೆ. ಇವತ್ತಿಗೂ ಹೇಳ್ಕೊಂಡು ತಿರುಗ್ತಾನೆ."

ಮಲ್ಸುನ್ ನಿಧಾನವಾಗಿ ಅವಳ ಕಡೆ ತಿರುಗಿದಳು. "ಅದಕ್ಕೇ ಆ ಹೋಟೆಲ್ ಕಿಮ್ಚಿ ನಮ್ಮಮ್ಮಂದೇ ಥರ ಅಂದಿದ್ದು! ನಾನು ತಿಂದಾಗ್ಲೇ ಅನ್ಕೊಂಡೆ, ಕಾರ್ಖಾನೆ ಮಾಲು, ಇದ್ರಲ್ಲಿ ಹೊಗಳೋಕೆ ಏನಿದೆ ಅಂತ."

"ಸಕ್ಕರೆ ಜಾಸ್ತಿ, ಅಲ್ವಾ?"

"ಸಕ್ಕರೆ ಮುಂದೆ, ಖಾರ ಹಿಂದೆ."

"ಅದನ್ನೇ ತಿಂದು ಬೆಳೆದ ಪಾಪ" ಎಂದಳು ಜೊಂಗಿಮ್. ಇಬ್ಬರಿಗೂ ನಗು ಬಂತು. ನಗುತ್ತಿದ್ದ ಹಾಗೇ ಎರಡು ಊಟದ ಭಾರಕ್ಕೆ ಪಕ್ಕೆ ಹಿಡಿದುಕೊಂಡು, ಹೊಟ್ಟೆ ಒತ್ತಿಕೊಂಡರು. ನಗು ನಿಂತ ಮೇಲೆ ಜೊಂಗಿಮ್ ಹೇಳಿದಳು. "ನಾನು ಯಾವತ್ತಾದ್ರೂ ಬೋರಮ್‌ಗೆ ತಿಂದದ್ದನ್ನ ಎತ್ತಿ ಆಡಿದ್ರೆ, ಅವತ್ತು ನೀವು ಇನ್‌ಹೋಗೆ ಇದನ್ನ ಹೇಳಿ. ಅವನ ಮುಂದೆ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ."

ಮಲ್ಸುನ್ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. ತಕ್ಕಡಿ ಹಿಡಿದು ಬಾಳಿದವಳಿಗೆ ಯಾವ ಸರಕು ಎಷ್ಟು ಬಾಳುತ್ತದೆ ಎಂದು ಗೊತ್ತು. ಬಂಗಾರದ ಬಳೆ ಕೊಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲ.

"ಸ್ವಲ್ಪ ಚಿಕ್ಕ ತುಂಡು ಕತ್ತರಿಸಿದ್ರೂ ಆಗ್ತಿತ್ತು" ಎಂದಳು.

"ಚಿಕ್ಕ ತುಂಡಲ್ಲಿ ಬಣ್ಣ ಗೊತ್ತಾಗಲ್ಲ ಬೀಗ್ರೇ."

"ನವೆಂಬರಲ್ಲಿ ಕಿಮ್ಚಿ ಹಾಕೋ ಕಾಲಕ್ಕೆ ಪೋಹಾಂಗ್‌ಗೆ ಬನ್ನಿ. ಹಾಕೋದು ಕಲಿಸ್ತೀನಿ. ಕಲಿಯೋ ತನಕ ನಾನೇ ಹಾಕಿ ಕಳಿಸ್ತೀನಿ. ದುಡ್ಡು ಕೊಡೋಕೆ ಬಂದ್ರೆ ಮಾತ್ರ ಅಂಗಡಿ ಬಾಗಿಲು ಹಾಕ್ತೀನಿ."

"ಋಣ ಆಗುತ್ತಲ್ಲಾ ನನಗೆ."

"ಆಗ್ಲಿ. ಒಬ್ಬರೇ ಯಾಕೆ ಹೊರೋದು."

ಒಳಗೆ ಮೂವರೂ ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು. ಬೋರಮ್ ಅತ್ತಿದ್ದಳು, ಮೂಗು ಕೆಂಪಾಗಿತ್ತು. ಇನ್‌ಹೋ ಅವಳ ಕೈ ಹಿಡಿದಿದ್ದವನು ಅಮ್ಮಂದಿರನ್ನು ಕಂಡು ಬಿಟ್ಟುಬಿಟ್ಟ. ಚಿಲ್ಸೊಂಗ್ ಖಾಲಿ ಮೇಜನ್ನು ನೋಡುತ್ತಿದ್ದ. "ಲೇ, ಬೋರಮ್ ಅಮ್ಮ, ನನಗೆ ಮಾಂಸ ಬೇಡ. ಹೊಟ್ಟೆ ತುಂಬಿದೆ. ಸುಮ್ನೆ ಕೇಳಿದ್ದು" ಎಂದ, ತಪ್ಪೇನೆಂದು ಗೊತ್ತಿಲ್ಲದ ಮಗುವಿನ ಹಾಗೆ.

ಮಲ್ಸುನ್ ಕೂತಳು. ಕಿತ್ತುಕೊಂಡಿದ್ದ ಬಟ್ಟಲನ್ನು ಗಂಡನ ಮುಂದೆ ಇಟ್ಟಳು. ಅದರ ಪಕ್ಕ ತನ್ನ ಬಟ್ಟಲನ್ನೂ ಇಟ್ಟಳು. ಗಂಟಲ ತನಕ ತುಂಬಿತ್ತು, ಇನ್ನೊಂದು ಬಟಾಣಿ ಹಿಡಿಸುವ ಜಾಗವಿರಲಿಲ್ಲ. ಆದರೂ ಬಾಗಿಲ ಕಡೆ ತಿರುಗಿ, ಅದೇ ಮಾರುಕಟ್ಟೆಯ ದನಿಯಲ್ಲಿ ಕೂಗಿದಳು.

"ತಾಯೀ! ಎಲುಬಿನ ಮಾಂಸ ಇನ್ನೊಂದ್ಸಲ ಹಾಕಿ. ಇವರಿಗೂ, ನನಗೂ. ದೇಗುವಿನವರ ಲೆಕ್ಕಕ್ಕೆ!"

ಬೋರಮ್ ಬಾಯಿ ತೆರೆದುಕೊಂಡು ನೋಡಿದಳು. "ಏನಾಯ್ತು ಹೊರಗೆ?"

"ಏನಿಲ್ಲ" ಎಂದಳು ಜೊಂಗಿಮ್, ಕೂತು ಕೋಟಿನ ಗುಂಡಿ ಬಿಚ್ಚುತ್ತ. "ವ್ಯಾಪಾರದ ಮಾತು. ಕುದುರಿತು."

ಮಾಂಸ ಬಂತು. ಮಲ್ಸುನ್ ಎರಡೂ ತುಂಡು ತಿಂದಳು. ಮೊದಲ ಸಲ ಬೆಲೆ ಕಟ್ಟುವ ಭರದಲ್ಲಿ ರುಚಿ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಚೆನ್ನಾಗಿತ್ತು. ಅಪ್ಪ ಕೇಳಿ ಹಾಕಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ನೋಡಬೇಕೆಂದುಕೊಂಡ ಜಾಗಗಳಲ್ಲಿ ಅರ್ಧವನ್ನೂ ಅವರು ನೋಡಲಿಲ್ಲ. ಬೆಟ್ಟದ ಮೇಲಿನ ದೇವಾಲಯಕ್ಕೆ ಮೆಟ್ಟಿಲಿದೆ ಎಂದು ಕೇಳಿದ್ದೇ ಹಿರಿಯರು ಮೂವರೂ ಒಂದೇ ಬಾಯಲ್ಲಿ ಬೇಡವೆಂದರು. ಹೊಳೆಯ ಮೇಲಿನ ಮರದ ಸೇತುವೆಯ ನೆರಳಿನಲ್ಲಿ ಕೂತರು. ಚಿಲ್ಸೊಂಗ್ ಬೆಲ್ಟು ಸಡಿಲಿಸಿ ಕಂಬಕ್ಕೊರಗಿ ನಿದ್ದೆ ಹೋದ. ಮಕ್ಕಳು ಕಲ್ಲು ಹಾರಿಸುತ್ತ ನೀರಿನಂಚಿಗೆ ಇಳಿದರು. ಜೊಂಗಿಮ್, ಮಲ್ಸುನ್‌ಳ ಕೋಟಿನ ಮೇಲಿನ ಗೊಜ್ಜಿನ ಕಲೆಯನ್ನು ಒದ್ದೆ ಕರವಸ್ತ್ರದಿಂದ ಉಜ್ಜಿ, "ಇದು ಹೋಗಲ್ಲ. ಬಟ್ಟೆ ಕಳಪೆ. ಎಷ್ಟು ಕೊಟ್ರಿ?" ಎಂದಳು. ಮಲ್ಸುನ್ ಹೇಳಿದಳು. "ಮೋಸ ಹೋದ್ರಿ" ಎಂದಳು ಜೊಂಗಿಮ್. ಒಬ್ಬರ ವಯಸ್ಸು, ಒಬ್ಬರ ಕೂದಲಿನ ಬಣ್ಣ, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲ ಮಾತಾಯಿತು. ಮದುವೆ ಕಿಮ್ಚಿ ಹಾಕುವ ಕಾಲಕ್ಕೆ ಮೊದಲೇ ಆಗಲಿ, ಆಮೇಲೆ ಇಬ್ಬರಿಗೂ ಪುರುಸೊತ್ತಿಲ್ಲ ಎಂಬುದು ಒಂದೇ ಉಸಿರಿನಲ್ಲಿ ತೀರ್ಮಾನವಾಯಿತು. ಮದುವೆಯಾಗುವವರನ್ನು ಕೇಳುವ ನೆನಪು ಯಾರಿಗೂ ಬರಲಿಲ್ಲ.

ಸಂಜೆ ಹೊರಡುವಾಗ ಮತ್ತೆ ಬಗ್ಗಿ ನಮಸ್ಕರಿಸಿದರು. ಈ ಸಲ ಹೊಟ್ಟೆ ಅಡ್ಡಬಂದು ಯಾರಿಗೂ ಹೆಚ್ಚು ಬಗ್ಗಲಾಗಲಿಲ್ಲ.

ಆ ದಿನ ಬೀಗರ ಹಂಗು ತನಗಿಲ್ಲ ಎಂದು ಹೇಳಿಕೊಳ್ಳುವ ಹಕ್ಕನ್ನು ಮಲ್ಸುನ್ ಕಳೆದುಕೊಂಡಳು. ಅಕ್ಟೋಬರ್‌ನ ಎರಡನೇ ಶನಿವಾರಕ್ಕೆ ಮಗಳ ಮದುವೆ ಗೊತ್ತಾಯಿತು, ಜೊತೆಗೆ ಮನಸ್ಸು ಬಂದಾಗ ಫೋನ್ ಮಾಡಿ ಜಗಳವಾಡಬಹುದಾದ ಒಬ್ಬ ಗೆಳತಿ ದೇಗುವಿನಲ್ಲಿ ಸಿಕ್ಕಳು.